ಠೇವಣಿಯ ಬಡ್ಡಿಯೂ ರೂಪಾಯಿಯ ಬೆಲೆಯೂ

ಮಹಾನಗರಗಳಲ್ಲಿ ನೆಲೆ ನಿಂತ ಕನ್ನಡ ಕುಟುಂಬಗಳಲ್ಲಿ ಬ್ಯಾಂಕಿನ ನಿಶ್ಚಿತ ಠೇವಣಿಗೆ ವಿಶೇಷವಾದ ಸ್ಥಾನವಿದೆ. ಊರಿನ ಹೊಲಮನೆಗಳು ದೂರದಲ್ಲಿವೆ. ನಗರದಲ್ಲಿಯಾದರೋ ಹಾಲಿನಿಂದ ಹಿಡಿದು ಔಷಧಿಯವರೆಗೆ ಪ್ರತಿಯೊಂದನ್ನೂ ಹಣ ತೆತ್ತೇ ಪಡೆಯಬೇಕು. ಆದುದರಿಂದ ದುಡಿಮೆಯ ವರ್ಷಗಳಲ್ಲಿ ಉಳಿಸಿದುದನ್ನು ಬ್ಯಾಂಕಿನಲ್ಲಿರಿಸಿ, ನಿವೃತ್ತಿಯ ಬಳಿಕ ಅದರ ಬಡ್ಡಿಯಿಂದ ಸಂಸಾರ ತೂಗಿಸುವುದು ಅನೇಕರು ಅನುಸರಿಸಿಕೊಂಡು ಬಂದ ಕ್ರಮ. ಈ ಅಭ್ಯಾಸಕ್ಕೆ ಕನ್ನಡ ನಾಡಿನಲ್ಲಿ ಹಳೆಯ ಬೇರುಗಳೂ ಇವೆ. ಕೆನರಾ ಬ್ಯಾಂಕಿನ ಮೂಲ ಸಂಸ್ಥೆ ಮಂಗಳೂರಿನಲ್ಲಿ ಸ್ಥಾಪನೆಯಾದುದು 1906ರಲ್ಲಿ. ಉಡುಪಿಯಲ್ಲಿ 1925ರಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡ ಸಂಸ್ಥೆಯು 1928ರಲ್ಲಿಯೇ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದು, ದಿನಕ್ಕೆ 2 ಆಣೆಯಷ್ಟು ಅಲ್ಪ ಹಣವನ್ನೂ ಮನೆಬಾಗಿಲಿನಿಂದ ಸಂಗ್ರಹಿಸಿತು. ಹನಿಗೂಡಿ ಹಳ್ಳವಾಗುವ ಪರಿಯನ್ನು ಕರಾವಳಿಯ ಜನರು ಬ್ಯಾಂಕಿನ ಪುಸ್ತಕದಲ್ಲಿಯೇ ಕಂಡವರು.

ಇಂತಹ ಠೇವಣಿದಾರರನ್ನು ಕಾಡುವ ಪ್ರಶ್ನೆಯೊಂದಿದೆ. ಅವಧಿ ಮುಗಿದ ಠೇವಣಿಯನ್ನು ನವೀಕರಿಸಲು ಹೋದಾಗ ಬಡ್ಡಿಯ ದರ ಒಮ್ಮೆ ಇಳಿದಿರುತ್ತದೆ, ಒಮ್ಮೆ ಏರಿರುತ್ತದೆ. ಇದನ್ನು ನಿಶ್ಚಯಿಸುವವರು ಯಾರು? ದರ ಏರಿದರೆ ಲಾಭವೆಂದೂ ಇಳಿದರೆ ನಷ್ಟವೆಂದೂ ತಿಳಿಯುವುದು ಸರಿಯೇ? ಅಮೆರಿಕದ ಕೇಂದ್ರ ಬ್ಯಾಂಕು ತನ್ನ ದರವನ್ನು ಬದಲಿಸಿದರೆ ಮಾಟುಂಗದ ಅಥವಾ ಮೈಲಾಪುರದ ಗೃಹಸ್ಥರಿಗೆ ಅದರಿಂದ ಆಗುವುದೇನು? ಈ ಮೂರು ಪ್ರಶ್ನೆಗಳೂ ಒಂದಕ್ಕೊಂದು ಹೆಣೆದುಕೊಂಡಿವೆ. ರಸೀದಿಯ ಮೇಲೆ ಮುದ್ರಿತವಾದ ಬಡ್ಡಿಯ ದರವೊಂದನ್ನೇ ನೋಡುವವರಿಗೆ ತಮ್ಮ ಉಳಿತಾಯದ ನಿಜಸ್ಥಿತಿ ತಿಳಿಯುವುದಿಲ್ಲ. ಅದನ್ನು ಬೆಲೆಯೇರಿಕೆಯೊಡನೆಯೂ ರೂಪಾಯಿಯ ವಿನಿಮಯ ಬೆಲೆಯೊಡನೆಯೂ ಇಟ್ಟು ನೋಡಬೇಕಾಗುತ್ತದೆ.

ಕೇಂದ್ರ ಬ್ಯಾಂಕಿನ ದರವೆಂದರೇನು?

ಭಾರತೀಯ ರಿಸರ್ವ್ ಬ್ಯಾಂಕು 1935ರ ಏಪ್ರಿಲ್ 1ರಂದು ಕಾರ್ಯಾರಂಭ ಮಾಡಿತು. 1949ರ ಜನವರಿ 1ರಿಂದ ರಾಷ್ಟ್ರದ ಸ್ವತ್ತಾಯಿತು. ಸಾಮಾನ್ಯ ಜನರು ಬ್ಯಾಂಕುಗಳೊಡನೆ ವ್ಯವಹರಿಸುವಂತೆ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನೊಡನೆ ವ್ಯವಹರಿಸುತ್ತವೆ. ಒಂದು ಬ್ಯಾಂಕಿಗೆ ಅಲ್ಪಕಾಲದ ಹಣದ ಕೊರತೆ ಬಿದ್ದಾಗ ಅದು ತನ್ನಲ್ಲಿರುವ ಸರ್ಕಾರಿ ಸಾಲಪತ್ರಗಳನ್ನು ರಿಸರ್ವ್ ಬ್ಯಾಂಕಿಗೆ ಒಪ್ಪಿಸಿ, ಮರಳಿ ಕೊಳ್ಳುವ ಕರಾರಿನ ಮೇಲೆ ಹಣ ಪಡೆಯುತ್ತದೆ. ಆ ಹಣಕ್ಕೆ ತೆರಬೇಕಾದ ಬಡ್ಡಿಯೇ ರೆಪೊ ದರ. ಹಿಂದಿನ ಕಾಲದಲ್ಲಿ ‘ಬ್ಯಾಂಕ್ ದರ’ವೆಂಬುದು ಈ ಸ್ಥಾನದಲ್ಲಿತ್ತು. 2011ರ ಮೇ ತಿಂಗಳಿನಿಂದ ರೆಪೊ ದರವೊಂದೇ ಹಣಕಾಸು ನೀತಿಯ ಸೂಚಕ ದರವೆಂದು ಅಂಗೀಕೃತವಾಯಿತು.

ಈ ದರವನ್ನು ನಿಶ್ಚಯಿಸುವ ಅಧಿಕಾರ ಯಾರ ಕೈಯಲ್ಲಿರಬೇಕೆಂಬುದು ಸಣ್ಣ ವಿಷಯವಲ್ಲ. ಸಾಲ ಮಾಡುವವರಲ್ಲಿ ಅತಿ ದೊಡ್ಡವರು ಸರ್ಕಾರವೇ ಆದುದರಿಂದ, ಬಡ್ಡಿ ಕಡಿಮೆಯಿರಲಿ ಎಂದು ಅದು ಬಯಸುವುದು ಸ್ವಾಭಾವಿಕ. ಕನ್ನಡಿಗರು ನೆನೆಯಬೇಕಾದ ಒಂದು ಪ್ರಸಂಗ ಈ ಸಂದರ್ಭದಲ್ಲಿದೆ. ಮಂಗಳೂರು ಮೂಲದ ಬೆನೆಗಲ್ ಮನೆತನದ ರಾಮರಾವ್ ಅವರು 1949ರಿಂದ 1957ರವರೆಗೆ ಏಳೂವರೆ ವರ್ಷ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು. ಅಷ್ಟು ದೀರ್ಘಕಾಲ ಆ ಸ್ಥಾನದಲ್ಲಿದ್ದವರು ಬೇರೆ ಯಾರೂ ಇಲ್ಲ. ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಬಿ. ಎನ್. ರಾವ್ ಇವರ ಸಹೋದರರು. 1951ರ ನವೆಂಬರ್‌ನಲ್ಲಿ ಬ್ಯಾಂಕ್ ದರವನ್ನು ಶೇ. 3ರಿಂದ ಶೇ. 3.5ಕ್ಕೆ ಏರಿಸಿದುದು ರಾಮರಾವ್ ಅವರ ಕಾಲದಲ್ಲಿಯೇ. 1956ರಲ್ಲಿ ಆಗಿನ ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ವಾಣಿಜ್ಯ ಹುಂಡಿಗಳ ಮೇಲಣ ಮುದ್ರಾಂಕ ಶುಲ್ಕವನ್ನು ಹೆಚ್ಚಿಸಿದರು. ಮೇಲುನೋಟಕ್ಕೆ ಅದೊಂದು ತೆರಿಗೆ. ಪರಿಣಾಮದಲ್ಲಿ ರಿಸರ್ವ್ ಬ್ಯಾಂಕಿನಿಂದ ಪಡೆಯುವ ಸಾಲದ ಬಡ್ಡಿಯನ್ನು ಏರಿಸಿದ ಕ್ರಮ. ಬಡ್ಡಿಯ ನೀತಿ ಕೇಂದ್ರ ಬ್ಯಾಂಕಿಗೆ ಸೇರಿದುದೆಂದು ರಾಮರಾವ್ ಅವರು ಆಕ್ಷೇಪಿಸಿದರು. ಭಿನ್ನಾಭಿಪ್ರಾಯ ಬಲಿತು 1957ರ ಜನವರಿಯಲ್ಲಿ ಅವರು ರಾಜೀನಾಮೆಯಿತ್ತರು. ಅದೇ ವರ್ಷ ಮೇ ತಿಂಗಳಿನಲ್ಲಿ ಬ್ಯಾಂಕ್ ದರ ಶೇ. 4ಕ್ಕೆ ಏರಿತು.

ಆ ವಿವಾದಕ್ಕೆ ಶಾಸನದ ರೂಪದಲ್ಲಿ ಉತ್ತರ ದೊರೆಯಲು ಸುಮಾರು ಅರುವತ್ತು ವರ್ಷಗಳು ಬೇಕಾದವು. 2016ರಲ್ಲಿ ರಿಸರ್ವ್ ಬ್ಯಾಂಕ್ ಕಾಯಿದೆಗೆ ತಿದ್ದುಪಡಿಯಾಗಿ ಆರು ಸದಸ್ಯರ ಹಣಕಾಸು ನೀತಿ ಸಮಿತಿ ರಚಿತವಾಯಿತು. ಮೂವರು ಸದಸ್ಯರು ರಿಸರ್ವ್ ಬ್ಯಾಂಕಿನವರು; ಉಳಿದ ಮೂವರು ಸರ್ಕಾರವು ಹೊರಗಿನಿಂದ ನೇಮಿಸುವ ತಜ್ಞರು. ಮತಗಳು ಸಮವಾದಾಗ ಗವರ್ನರರಿಗೆ ನಿರ್ಣಾಯಕ ಮತವಿದೆ. ಬೆಲೆಯೇರಿಕೆಯನ್ನು ಶೇ. 4ರ ಸುತ್ತಮುತ್ತ, ಶೇ. 2ಕ್ಕಿಂತ ಕೆಳಗಿಳಿಯದಂತೆ ಮತ್ತು ಶೇ. 6ನ್ನು ಮೀರದಂತೆ ಇರಿಸಬೇಕೆಂಬ ಗುರಿಯನ್ನು ಸರ್ಕಾರವು ಸಮಿತಿಯ ಮುಂದಿಟ್ಟಿತು. ಸತತವಾಗಿ ಮೂರು ತ್ರೈಮಾಸಿಕಗಳಲ್ಲಿ ಈ ಎಲ್ಲೆ ಮೀರಿದರೆ ರಿಸರ್ವ್ ಬ್ಯಾಂಕು ಸರ್ಕಾರಕ್ಕೆ ಲಿಖಿತ ವಿವರಣೆ ಕೊಡಬೇಕು. 2022ರಲ್ಲಿ ಹಾಗೆ ಕೊಡಬೇಕಾಗಿಯೂ ಬಂತು. ಇಲ್ಲಿ ಠೇವಣಿದಾರರು ಗಮನಿಸಬೇಕಾದ ಅಂಶವೊಂದಿದೆ. ಸಮಿತಿಯು ದರವನ್ನು ನಿರ್ಧರಿಸುವುದು ಬೆಲೆಗಳನ್ನು ಹತೋಟಿಯಲ್ಲಿಡಲು ಮತ್ತು ಆರ್ಥಿಕ ಬೆಳವಣಿಗೆಯನ್ನು ಗಮನದಲ್ಲಿಟ್ಟುಕೊಂಡು. ಠೇವಣಿದಾರರಿಗೆ ಇಷ್ಟು ಆದಾಯ ದೊರೆಯಬೇಕೆಂಬ ಉದ್ದೇಶ ಅದಕ್ಕಿಲ್ಲ.

ದರವು ಠೇವಣಿಯವರೆಗೆ ಬರುವ ದಾರಿ

ರೆಪೊ ದರ ಇಳಿದಾಗ ಬ್ಯಾಂಕುಗಳಿಗೆ ಹಣ ಅಗ್ಗವಾಗಿ ದೊರೆಯುತ್ತದೆ. ಆಗ ಹೆಚ್ಚಿನ ಬಡ್ಡಿ ಕೊಟ್ಟು ಜನರಿಂದ ಠೇವಣಿ ಸಂಗ್ರಹಿಸುವ ಅಗತ್ಯ ಕಡಿಮೆಯಾಗುತ್ತದೆ. ದರ ಏರಿದಾಗ ಇದರ ವಿಪರೀತ. ಆದರೆ ಈ ಪರಿಣಾಮ ಒಂದೇ ದಿನದಲ್ಲಿ ಆಗತಕ್ಕುದಲ್ಲ. ಈಗಾಗಲೇ ಇಟ್ಟ ನಿಶ್ಚಿತ ಠೇವಣಿಗೆ ಒಪ್ಪಿದ ಬಡ್ಡಿಯನ್ನು ಅವಧಿ ಮುಗಿಯುವವರೆಗೂ ಕೊಡಲೇಬೇಕು. ಹೊಸ ದರ ಅನ್ವಯಿಸುವುದು ಹೊಸ ಠೇವಣಿಗೆ ಮತ್ತು ನವೀಕರಣಕ್ಕೆ ಮಾತ್ರ.

ಒಂದಾನೊಂದು ಕಾಲದಲ್ಲಿ ಠೇವಣಿಯ ದರಗಳನ್ನೂ ರಿಸರ್ವ್ ಬ್ಯಾಂಕೇ ಗೊತ್ತುಪಡಿಸುತ್ತಿತ್ತು. ಎಲ್ಲ ಬ್ಯಾಂಕುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಬಡ್ಡಿ. 1997ರ ಅಕ್ಟೋಬರ್‌ನಲ್ಲಿ ನಿಶ್ಚಿತ ಠೇವಣಿಯ ದರಗಳನ್ನು, 2011ರ ಅಕ್ಟೋಬರ್‌ನಲ್ಲಿ ಉಳಿತಾಯ ಖಾತೆಯ ದರವನ್ನು ಬ್ಯಾಂಕುಗಳ ವಿವೇಚನೆಗೆ ಬಿಡಲಾಯಿತು. ಅಂದಿನಿಂದ ದರಗಳಲ್ಲಿ ಬ್ಯಾಂಕಿನಿಂದ ಬ್ಯಾಂಕಿಗೆ ವ್ಯತ್ಯಾಸ ಕಾಣಿಸಿಕೊಂಡಿದೆ. ಉಳಿತಾಯ ಖಾತೆಯ ಬಡ್ಡಿಯಂತೂ ಹಲವು ದೊಡ್ಡ ಬ್ಯಾಂಕುಗಳಲ್ಲಿ 2025ರ ಜೂನ್ ವೇಳೆಗೆ ಶೇ. 2.5ಕ್ಕೆ ಇಳಿದಿತ್ತು. ತಿಂಗಳ ಖರ್ಚಿಗೆ ಬೇಕಾದುದಕ್ಕಿಂತ ಹೆಚ್ಚಿನ ಹಣವನ್ನು ಆ ಖಾತೆಯಲ್ಲಿಯೇ ಬಿಟ್ಟುಬಿಡುವ ಹಳೆಯ ರೂಢಿ ಇಂದಿಗೆ ಲಾಭಕರವಲ್ಲ.

ಸಾಲದ ಕಡೆಯ ಚಲನೆ ಇದಕ್ಕಿಂತ ಶೀಘ್ರವಾದುದು. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ನೀಡುವ ಚರ ಬಡ್ಡಿಯ ಹೊಸ ಗೃಹಸಾಲಗಳನ್ನು ರೆಪೊ ದರದಂತಹ ಹೊರಗಿನ ಮಾನದಂಡಕ್ಕೆ ಜೋಡಿಸುವುದು ಕಡ್ಡಾಯವಾಯಿತು. ಮೂರು ತಿಂಗಳಿಗೊಮ್ಮೆಯಾದರೂ ಅವುಗಳ ದರ ಬದಲಾಗಬೇಕು. ಒಂದೇ ಮನೆಯಲ್ಲಿ ತಂದೆ ಠೇವಣಿದಾರರು, ಮಗ ಗೃಹಸಾಲ ಪಡೆದವನು ಎಂದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕು ದರ ಇಳಿಸಿದ ಸುದ್ದಿ ಬಂದ ದಿನ ಮಗನ ಮುಖದಲ್ಲಿ ಸಂತೋಷ, ತಂದೆಯ ಮುಖದಲ್ಲಿ ಚಿಂತೆ! ಮನೆಯ ಒಟ್ಟು ಲೆಕ್ಕ ತೆಗೆದಾಗ ಮಾತ್ರ ಆ ಸಂಸಾರಕ್ಕೆ ಲಾಭವೋ ನಷ್ಟವೋ ತಿಳಿದೀತು.

ಬಡ್ಡಿಯಿಂದ ಬೆಲೆಯೇರಿಕೆಗೆ ಕಡಿವಾಣ ಹೇಗೆ?

ಕೊಳ್ಳುವವರ ಕೈಯಲ್ಲಿ ಹಣ ಹೆಚ್ಚಾಗಿ, ಮಾರುಕಟ್ಟೆಯಲ್ಲಿ ಸರಕು ಅಷ್ಟೇ ಇದ್ದರೆ ಬೆಲೆಗಳು ಏರುತ್ತವೆ. ಬಡ್ಡಿಯ ದರ ಏರಿದಾಗ ಸಾಲ ಮಾಡಿ ಮನೆ, ವಾಹನ ಕೊಳ್ಳುವವರು ಹಿಂಜರಿಯುತ್ತಾರೆ. ವ್ಯಾಪಾರಿಗಳಿಗೆ ಸಾಲದ ಹಣದಲ್ಲಿ ಸರಕು ದಾಸ್ತಾನು ಮಾಡುವುದು ದುಬಾರಿಯಾಗುತ್ತದೆ. ಉಳಿಸುವವರಿಗೆ ಪ್ರೋತ್ಸಾಹ ದೊರೆಯುತ್ತದೆ. ಹೀಗೆ ಬೇಡಿಕೆಯ ಕಾವು ಇಳಿದು ಬೆಲೆಗಳು ಕ್ರಮೇಣ ತಗ್ಗುತ್ತವೆ. ಪರಿಣಾಮ ಪೂರ್ತಿಯಾಗಿ ಕಾಣಲು ಹಲವು ತ್ರೈಮಾಸಿಕಗಳೇ ಹಿಡಿಯುತ್ತವೆ. ಜ್ವರದ ಔಷಧಿಯಂತೆ ಒಂದು ಗುಳಿಗೆಗೆ ಇಳಿಯುವುದಲ್ಲ. ಪಥ್ಯದಂತೆ ಬಹುಕಾಲ ಅನುಸರಿಸಿದ ಮೇಲೆ ಫಲ ಕೊಡುವುದು.

ಈ ಔಷಧಿಗೆ ಮಿತಿಯೂ ಉಂಟು. ಮಳೆ ಕೈಕೊಟ್ಟು ಈರುಳ್ಳಿ, ತೊಗರಿಬೇಳೆಗಳ ಬೆಲೆ ಏರಿದರೆ ರೆಪೊ ದರವನ್ನು ಎಷ್ಟು ಏರಿಸಿದರೂ ಒಂದು ಚೀಲ ಈರುಳ್ಳಿ ಹೆಚ್ಚು ಬೆಳೆಯದು. 1973ರಲ್ಲಿ ಅರಬ್ ರಾಷ್ಟ್ರಗಳು ತೈಲದ ಬೆಲೆಯನ್ನು ಏರಿಸಿದಾಗ, ಮೊದಲೇ ಬರಗಾಲದಿಂದ ಬಳಲಿದ್ದ ದೇಶದಲ್ಲಿ ಬೆಲೆಗಳು ಗಗನಕ್ಕೇರಿದವು. 1974-75ರಲ್ಲಿ ಸಗಟು ಬೆಲೆಗಳು ಹಿಂದಿನ ವರ್ಷಕ್ಕಿಂತ ಸುಮಾರು ಶೇ. 25ರಷ್ಟು ಹೆಚ್ಚಿದ್ದವು. 1974ರ ಜುಲೈಯಲ್ಲಿ ಬ್ಯಾಂಕ್ ದರವನ್ನು ಶೇ. 9ಕ್ಕೆ ಏರಿಸಲಾಯಿತು, ದೀರ್ಘಾವಧಿಯ ಠೇವಣಿಗೆ ಶೇ. 10ರ ಆಸುಪಾಸಿನ ಬಡ್ಡಿ ದೊರೆಯಿತು. ಅಂದಿನ ಠೇವಣಿದಾರರಿಗೆ ಅದು ಆಕರ್ಷಕವಾಗಿ ಕಂಡಿರಬಹುದು. ಆದರೆ ವರ್ಷಾರಂಭದಲ್ಲಿ 1,000 ರೂಪಾಯಿಗೆ ದೊರೆಯುತ್ತಿದ್ದ ಸಾಮಾನಿಗೆ ವರ್ಷಾಂತ್ಯದಲ್ಲಿ 1,250 ರೂಪಾಯಿ ಬೇಕಾಗಿತ್ತು. ಠೇವಣಿ ಬೆಳೆದು ಆದುದು 1,100 ಮಾತ್ರ. ಬಡ್ಡಿ ಸೇರಿಯೂ ಹಣ ಕುಗ್ಗಿತ್ತು.

ನೈಜ ಬಡ್ಡಿಯ ಲೆಕ್ಕ

ಠೇವಣಿಯ ಬಡ್ಡಿಯಿಂದ ಬೆಲೆಯೇರಿಕೆಯ ದರವನ್ನು ಕಳೆದು ಉಳಿಯುವುದೇ ನೈಜ ಬಡ್ಡಿ. ಇದಕ್ಕೆ ಆದಾಯ ತೆರಿಗೆಯನ್ನೂ ಸೇರಿಸಿ ನೋಡಬೇಕು. 10 ಲಕ್ಷ ರೂಪಾಯಿಯ ಠೇವಣಿಗೆ ಶೇ. 7ರಂತೆ ವರ್ಷಕ್ಕೆ 70,000 ರೂಪಾಯಿ ಬಡ್ಡಿ ಬಂದಿತೆನ್ನೋಣ. ಆ ವರ್ಷ ಬೆಲೆಗಳು ಶೇ. 6ರಷ್ಟು ಏರಿದರೆ, ಮೂಲಧನದ ಕೊಳ್ಳುವ ಶಕ್ತಿಯನ್ನು ಉಳಿಸಿಕೊಳ್ಳಲು 60,000 ರೂಪಾಯಿಯನ್ನು ಮುಟ್ಟದೆ ಇಡಬೇಕು. ನಿಜವಾದ ಗಳಿಕೆ 10,000 ಮಾತ್ರ. ಠೇವಣಿದಾರರು ಶೇ. 20ರ ತೆರಿಗೆಯ ವರ್ಗಕ್ಕೆ ಸೇರಿದವರಾದರೆ 14,000 ರೂಪಾಯಿ ತೆರಿಗೆಗೆ ಹೋಗಿ ಕೈಗೆ ಉಳಿಯುವುದು 56,000. ಗಳಿಕೆಯ ಮಾತು ಹಾಗಿರಲಿ, 4,000 ರೂಪಾಯಿಯಷ್ಟು ಮೂಲಧನವೇ ಕರಗಿತು. ಬಡ್ಡಿಯನ್ನೆಲ್ಲ ತಿಂಗಳು ತಿಂಗಳೂ ಖರ್ಚು ಮಾಡುವ ಸಂಸಾರದಲ್ಲಿ ಈ ಕರಗುವಿಕೆ ಕಣ್ಣಿಗೆ ಬೀಳುವುದಿಲ್ಲ. ರಸೀದಿಯ ಮೇಲೆ 10 ಲಕ್ಷವೆಂಬ ಅಂಕಿ ಹಾಗೆಯೇ ಇರುತ್ತದೆ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರುತ್ತ ಹೋದರೆ 12 ವರ್ಷಗಳಲ್ಲಿ ಆ 10 ಲಕ್ಷಕ್ಕೆ ಇಂದಿನ 5 ಲಕ್ಷದಷ್ಟೇ ಸಾಮಾನು ದೊರೆಯುವುದು. ಅರುವತ್ತರಲ್ಲಿ ನಿವೃತ್ತರಾದವರಿಗೆ ಎಪ್ಪತ್ತೆರಡು ದೂರದ ವಯಸ್ಸಲ್ಲ.

ಇತ್ತೀಚಿನ ವರ್ಷಗಳ ಅನುಭವ ಇದಕ್ಕೆ ಪೂರಕವಾಗಿದೆ. ಕೋವಿಡ್ ಪಿಡುಗಿನ ಕಾಲದಲ್ಲಿ, ಕುಸಿಯುತ್ತಿದ್ದ ಆರ್ಥಿಕ ಚಟುವಟಿಕೆಯನ್ನು ಎತ್ತಿಹಿಡಿಯಲು ರಿಸರ್ವ್ ಬ್ಯಾಂಕು 2020ರ ಮೇ ತಿಂಗಳಲ್ಲಿ ರೆಪೊ ದರವನ್ನು ಶೇ. 4ಕ್ಕೆ ಇಳಿಸಿತು. ದೊಡ್ಡ ಬ್ಯಾಂಕುಗಳಲ್ಲಿ ಒಂದು ವರ್ಷದ ಠೇವಣಿಗೆ ಶೇ. 5ರ ಆಸುಪಾಸಿನ ಬಡ್ಡಿಯಿತ್ತು. 2020-21ರಲ್ಲಿ ಗ್ರಾಹಕ ಬೆಲೆಗಳ ಏರಿಕೆ ಸರಾಸರಿ ಶೇ. 6.2. ಅಂದರೆ ದೇಶದ ಉದ್ದಿಮೆಗಳನ್ನೂ ಸಾಲಗಾರರನ್ನೂ ಕಾಪಾಡಿದ ನೀತಿಯ ವೆಚ್ಚದಲ್ಲಿ ಒಂದು ಭಾಗವನ್ನು ಸದ್ದಿಲ್ಲದೆ ಭರಿಸಿದವರು ಠೇವಣಿದಾರರು. 2022ರ ಏಪ್ರಿಲ್‌ನಲ್ಲಿ ಬೆಲೆಯೇರಿಕೆ ಶೇ. 7.79ನ್ನು ತಲಪಿದಾಗ ರಿಸರ್ವ್ ಬ್ಯಾಂಕು ಮೇ 4ರಂದು ದರವನ್ನು ಏರಿಸತೊಡಗಿ, 2023ರ ಫೆಬ್ರವರಿಯ ವೇಳೆಗೆ ಶೇ. 6.5ಕ್ಕೆ ಕೊಂಡೊಯ್ದಿತು. ಎರಡು ವರ್ಷ ಅಲ್ಲಿಯೇ ನಿಂತ ದರ 2025ರ ಫೆಬ್ರವರಿಯಿಂದ ಇಳಿಯುತ್ತ ಅದೇ ವರ್ಷದ ಡಿಸೆಂಬರ್‌ನಲ್ಲಿ ಶೇ. 5.25ಕ್ಕೆ ಬಂದಿತು.

ಈ ಇಳಿಕೆಯಿಂದ ಠೇವಣಿದಾರರಿಗೆ ಬೇಸರವಾದುದು ಸಹಜ. ಆದರೆ 2025ರ ಅಕ್ಟೋಬರ್‌ನಲ್ಲಿ ಗ್ರಾಹಕ ಬೆಲೆಗಳ ಏರಿಕೆ ಕೇವಲ ಶೇ. 0.25 ಆಗಿತ್ತು. 1991-92ರಲ್ಲಿ ದೀರ್ಘಾವಧಿಯ ಠೇವಣಿಗೆ ಶೇ. 13ರವರೆಗೆ ಬಡ್ಡಿ ಪಡೆದವರು, ಬೆಲೆಗಳೂ ಹೆಚ್ಚುಕಡಿಮೆ ಅಷ್ಟೇ ಏರಿದುದರಿಂದ ನಿಜವಾಗಿ ಏನನ್ನೂ ಗಳಿಸಲಿಲ್ಲ. ಅದರ ಅರ್ಧದಷ್ಟು ಬಡ್ಡಿ ಪಡೆದ 2025ರ ಠೇವಣಿದಾರರು ಅವರಿಗಿಂತ ಉತ್ತಮ ಸ್ಥಿತಿಯಲ್ಲಿದ್ದರು. ಹಳೆಯ ದಿನಗಳ ಹೆಚ್ಚಿನ ಬಡ್ಡಿಯನ್ನು ನೆನೆದು ಮರುಗುವವರು ಹಳೆಯ ದಿನಗಳ ಬೆಲೆಯೇರಿಕೆಯನ್ನೂ ಜೊತೆಯಲ್ಲಿಯೇ ನೆನೆಯಬೇಕು.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಸರ್ಕಾರ ಪ್ರಕಟಿಸುವ ಅಂಕಿ ಸರಾಸರಿ ಸಂಸಾರದ್ದು. 2012ನ್ನು ಮೂಲ ವರ್ಷವಾಗಿ ಹೊಂದಿದ್ದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಪಾನೀಯಗಳ ಪಾಲು ನೂರಕ್ಕೆ ಸುಮಾರು 46. ಆರೋಗ್ಯದ ಪಾಲು ನೂರಕ್ಕೆ ಸುಮಾರು 6 ಮಾತ್ರ. ಮಧುಮೇಹ, ರಕ್ತದೊತ್ತಡಗಳಿಗೆ ನಿತ್ಯ ಗುಳಿಗೆ ನುಂಗುವ ವೃದ್ಧ ದಂಪತಿಗಳ ಮನೆಯಲ್ಲಿ ವೈದ್ಯಕೀಯ ವೆಚ್ಚ ಇದರ ಎರಡು ಮೂರು ಪಟ್ಟು ಇದ್ದರೆ ಆಶ್ಚರ್ಯವಿಲ್ಲ. ತರಕಾರಿ ಅಗ್ಗವಾಗಿ ಸೂಚ್ಯಂಕ ಇಳಿದ ವರ್ಷದಲ್ಲಿಯೂ ಆಸ್ಪತ್ರೆಯ ಬಿಲ್ಲು ಏರಿರಬಹುದು. ಆದುದರಿಂದ ಪ್ರತಿ ಸಂಸಾರವೂ ತನ್ನದೇ ಖರ್ಚಿನ ಪುಸ್ತಕದಿಂದ ತನ್ನದೇ ಬೆಲೆಯೇರಿಕೆಯನ್ನು ಗುಣಿಸಿಕೊಳ್ಳುವುದು ಲೇಸು.

ಗಡಿ ದಾಟಿ ಬರುವ ಹಣ

ಇನ್ನು ಮೂರನೆಯ ಪ್ರಶ್ನೆ. ಜಗತ್ತಿನ ದೊಡ್ಡ ಹೂಡಿಕೆದಾರರು ತಮ್ಮ ಹಣವನ್ನು ಯಾವ ದೇಶದ ನಾಣ್ಯದಲ್ಲಿರಿಸಿದರೆ ಹೆಚ್ಚು ಫಲವೆಂದು ಸದಾ ತೂಗಿ ನೋಡುತ್ತಿರುತ್ತಾರೆ. ಬಡ್ಡಿ ಹೆಚ್ಚಿರುವ ದೇಶಕ್ಕೆ ಹಣ ಹರಿಯುತ್ತದೆಂಬುದು ಸಾಮಾನ್ಯ ನಿಯಮ. ಆದರೆ ಅವರ ಲೆಕ್ಕ ಬಡ್ಡಿಗೆ ಮುಗಿಯುವುದಿಲ್ಲ. ಡಾಲರಿಗೆ 80 ರೂಪಾಯಿ ಇರುವಾಗ ಒಬ್ಬರು 1,00,000 ಡಾಲರ್ ತಂದು 80 ಲಕ್ಷ ರೂಪಾಯಿಯನ್ನು ಶೇ. 7ರ ಭಾರತೀಯ ಸಾಲಪತ್ರದಲ್ಲಿ ತೊಡಗಿಸಿದರೆನ್ನೋಣ. ವರ್ಷದ ಕೊನೆಗೆ ಅದು 85.6 ಲಕ್ಷವಾಗುತ್ತದೆ. ಡಾಲರಿನ ಬೆಲೆ 80ರಲ್ಲಿಯೇ ನಿಂತಿದ್ದರೆ ಅವರಿಗೆ 1,07,000 ಡಾಲರ್ ಸಿಗುತ್ತದೆ. ಡಾಲರ್ 84 ರೂಪಾಯಿಗೆ ಏರಿದ್ದರೆ ಸಿಗುವುದು ಸುಮಾರು 1,01,900 ಡಾಲರ್ ಮಾತ್ರ. ತಮ್ಮ ದೇಶದಲ್ಲಿಯೇ ಶೇ. 5ಕ್ಕೆ ಇಟ್ಟಿದ್ದರೆ 1,05,000 ಆಗುತ್ತಿತ್ತು! ಆದುದರಿಂದ ಎರಡು ದೇಶಗಳ ಬಡ್ಡಿಯ ಅಂತರ ಕಿರಿದಾದಂತೆ, ರೂಪಾಯಿ ಇಳಿಯಬಹುದೆಂಬ ಭಯ ಹಿರಿದಾದಂತೆ, ಬಂದ ಹಣ ಮರಳಿ ಹೋಗಲು ತವಕಿಸುತ್ತದೆ. ಎಲ್ಲರೂ ಒಮ್ಮೆಗೇ ರೂಪಾಯಿ ಮಾರಿ ಡಾಲರ್ ಕೇಳಿದಾಗ ಆ ಭಯವೇ ನಿಜವಾಗುತ್ತದೆ.

1991ರ ಬೇಸಗೆಯಲ್ಲಿ ಭಾರತವು ಇದನ್ನು ಕಠೋರವಾಗಿ ಅನುಭವಿಸಿತು. ಕೊಲ್ಲಿ ಯುದ್ಧದಿಂದ ತೈಲ ತುಟ್ಟಿಯಾಗಿತ್ತು. ಕುವೈತ್‌ನಿಂದ ಭಾರತೀಯರು ಉದ್ಯೋಗ ಕಳೆದುಕೊಂಡು ಮರಳಿದ್ದರು. ಅನಿವಾಸಿ ಭಾರತೀಯರ ಡಾಲರ್ ಠೇವಣಿಗಳಿಗೆ ಆಕರ್ಷಕ ಬಡ್ಡಿಯಿದ್ದರೂ ವಿಶ್ವಾಸ ಕುಸಿದುದರಿಂದ ಹಣ ಹೊರಗೆ ಹರಿಯಿತು. ವಿದೇಶೀ ವಿನಿಮಯದ ಸಂಗ್ರಹ ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಕ್ಷೀಣಿಸಿತು. ಜುಲೈಯಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಹೊರದೇಶದಲ್ಲಿ ಅಡವಿಟ್ಟು ಸಾಲ ತರಬೇಕಾಯಿತು. ಅದೇ ತಿಂಗಳ 1 ಮತ್ತು 3ರಂದು ಎರಡು ಹಂತಗಳಲ್ಲಿ ರೂಪಾಯಿಯ ಅಪಮೌಲ್ಯವಾಯಿತು. ಬ್ಯಾಂಕ್ ದರ ಜುಲೈಯಲ್ಲಿ ಶೇ. 11ಕ್ಕೂ ಅಕ್ಟೋಬರ್‌ನಲ್ಲಿ ಶೇ. 12ಕ್ಕೂ ಏರಿತು. ವಿಶ್ವಾಸವಿಲ್ಲದ ಕಡೆ ಬಡ್ಡಿಯೊಂದೇ ಹಣವನ್ನು ಹಿಡಿದು ನಿಲ್ಲಿಸದೆಂಬುದು ಆ ವರ್ಷದ ಪಾಠ.

2013ರ ಮೇ ತಿಂಗಳಿನಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ತಾನು ಮಾರುಕಟ್ಟೆಗೆ ಸುರಿಯುತ್ತಿದ್ದ ಹಣವನ್ನು ಕಡಿಮೆ ಮಾಡಬಹುದೆಂದು ಸೂಚಿಸಿತು. ಆ ಮಾತಿಗೇ ಅಲ್ಲಿನ ಸಾಲಪತ್ರಗಳ ಬಡ್ಡಿ ಏರಿ, ಭಾರತದಿಂದ ಹಣ ಹೊರಟಿತು. ಡಾಲರಿಗೆ 55ರ ಸುಮಾರಿನಲ್ಲಿದ್ದ ರೂಪಾಯಿ ಆಗಸ್ಟ್ 28ರಂದು 68 ರೂಪಾಯಿ ದಾಟಿತು. ರಿಸರ್ವ್ ಬ್ಯಾಂಕು ಜುಲೈಯಲ್ಲಿಯೇ, ಬ್ಯಾಂಕುಗಳಿಗೆ ತುರ್ತಾಗಿ ನೀಡುವ ಸಾಲದ ದರವನ್ನು ಒಮ್ಮೆಗೇ ಶೇ. 8.25ರಿಂದ ಶೇ. 10.25ಕ್ಕೆ ಏರಿಸಿತ್ತು. ಸೆಪ್ಟೆಂಬರ್‌ನಲ್ಲಿ ರಘುರಾಮ್ ರಾಜನ್ ಗವರ್ನರರಾದೊಡನೆ, ಬ್ಯಾಂಕುಗಳು ಅನಿವಾಸಿಗಳಿಂದ ಸಂಗ್ರಹಿಸುವ ಡಾಲರ್ ಠೇವಣಿಗಳ ವಿನಿಮಯದ ಅಪಾಯವನ್ನು ರಿಯಾಯಿತಿ ದರದಲ್ಲಿ ತಾನೇ ಹೊರುವುದಾಗಿ ರಿಸರ್ವ್ ಬ್ಯಾಂಕು ಘೋಷಿಸಿತು. ಆ ಯೋಜನೆಯಲ್ಲಿ ಸುಮಾರು 26 ಶತಕೋಟಿ ಡಾಲರ್ ಹರಿದು ಬಂದು ರೂಪಾಯಿ ಚೇತರಿಸಿಕೊಂಡಿತು.

ಮೂರನೆಯ ಪ್ರಸಂಗ ತೀರ ಹತ್ತಿರದ್ದು. 2022ರ ಮಾರ್ಚ್‌ವರೆಗೆ ಸೊನ್ನೆಯ ಸಮೀಪದಲ್ಲಿದ್ದ ಅಮೆರಿಕದ ದರ 2023ರ ಜುಲೈಯಲ್ಲಿ ಶೇ. 5.25-5.50ಕ್ಕೆ ಮುಟ್ಟಿತು. ಭಾರತದ ದರ ಆಗ ಶೇ. 6.5, ಅಂತರ ಬರಿಯ ಒಂದು ಅಂಶಕ್ಕೆ ಇಳಿದಿತ್ತು. 2022ರ ಆರಂಭದಲ್ಲಿ ಡಾಲರಿಗೆ 74ರಷ್ಟಿದ್ದ ರೂಪಾಯಿ ಅದೇ ಅಕ್ಟೋಬರ್‌ನಲ್ಲಿ 83ನ್ನು ತಾಕಿತು. 2025ರ ಡಿಸೆಂಬರ್‌ನಲ್ಲಿ ಡಾಲರಿನ ಬೆಲೆ 90 ರೂಪಾಯಿಯನ್ನು ದಾಟಿದಾಗ ಅಮೆರಿಕದ ದರ ಇಳಿಯುತ್ತಲೇ ಇತ್ತು. ಆಗ ರೂಪಾಯಿಯನ್ನು ಒತ್ತಿದುದು ಭಾರತೀಯ ಸರಕುಗಳ ಮೇಲೆ ಅಮೆರಿಕವು ಹೇರಿದ ಭಾರೀ ಸುಂಕ ಮತ್ತು ಶೇರು ಮಾರುಕಟ್ಟೆಯಿಂದ ವಿದೇಶೀ ಹಣದ ನಿರ್ಗಮನ. ಬಡ್ಡಿಯ ಅಂತರ ಪ್ರಬಲ ಕಾರಣವಾದರೂ ಏಕೈಕ ಕಾರಣವಲ್ಲ.

ಡಾಲರನ್ನು ಕಣ್ಣಿನಿಂದ ಕಾಣದ ಗೃಹಿಣಿಗೂ ಇದರ ಬಿಸಿ ತಟ್ಟುತ್ತದೆ. ಭಾರತಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕಿಂತ ಹೆಚ್ಚು, ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶಗಳಿಂದ ಬರುವುದು. ರೂಪಾಯಿ ಇಳಿದರೆ ಇವು ತುಟ್ಟಿ. ಲಾರಿಯ ಬಾಡಿಗೆ ಏರಿ ತರಕಾರಿಯೂ ತುಟ್ಟಿ. ರೂಪಾಯಿಯ ಕುಸಿತವನ್ನು ತಡೆಯಲು ರಿಸರ್ವ್ ಬ್ಯಾಂಕು ತನ್ನ ಸಂಗ್ರಹದಿಂದ ಡಾಲರ್ ಮಾರಿದಾಗ ಅಷ್ಟೇ ಬೆಲೆಯ ರೂಪಾಯಿ ಮಾರುಕಟ್ಟೆಯಿಂದ ಹಿಂದಕ್ಕೆ ಹೋಗಿ, ಬ್ಯಾಂಕುಗಳಲ್ಲಿ ಹಣ ಬಿಗಿಯಾಗಿ, ಬಡ್ಡಿ ಏರುವ ಒತ್ತಡ ಹುಟ್ಟುತ್ತದೆ. ಹೀಗೆ ವಿನಿಮಯ, ಬೆಲೆ, ಬಡ್ಡಿ ಮೂರೂ ಒಂದೇ ಹಗ್ಗದ ಎಳೆಗಳು.

ಗೃಹಸ್ಥರು ಗಮನಿಸಬೇಕಾದುದು

ಬಡ್ಡಿಯ ದರ ಮುಂದೆ ಏರುವುದೋ ಇಳಿಯುವುದೋ ಎಂದು ಭವಿಷ್ಯ ನುಡಿಯಲು ಪರಿಣತರಿಗೂ ಆಗದು. ಆದುದರಿಂದ ಇಡೀ ಮೊತ್ತವನ್ನು ಒಂದೇ ದಿನ, ಒಂದೇ ಅವಧಿಗೆ ಇಡದೆ ಒಂದು, ಎರಡು, ಮೂರು, ಐದು ವರ್ಷಗಳೆಂದು ಹಂಚುವುದು ವಿವೇಕ. ದರ ಇಳಿದಾಗ ದೀರ್ಘಾವಧಿಯ ಠೇವಣಿ ಹಳೆಯ ದರವನ್ನು ಉಳಿಸಿಕೊಡುತ್ತದೆ. ಏರಿದಾಗ ಅವಧಿ ಮುಗಿದ ಭಾಗಕ್ಕೆ ಹೊಸ ದರ ದೊರೆಯುತ್ತದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಬಡ್ಡಿಯನ್ನು ಸರ್ಕಾರವೇ ನಿಗದಿಪಡಿಸುವುದರಿಂದ ಅದನ್ನು ಬ್ಯಾಂಕಿನ ದರದೊಡನೆ ಹೋಲಿಸಿ ನೋಡಬೇಕು. 2023ರ ಏಪ್ರಿಲ್‌ನಲ್ಲಿ ಅದರ ದರ ಶೇ. 8.2ಕ್ಕೂ ಹೂಡಿಕೆಯ ಮಿತಿ 30 ಲಕ್ಷ ರೂಪಾಯಿಗೂ ಏರಿದುವು.

ಚಿಕಿತ್ಸೆಗೆಂದು ಒಂದಿಷ್ಟು ಹಣವನ್ನು ಬೇರೆಯಾಗಿ, ಅಲ್ಪಾವಧಿಯ ಠೇವಣಿಯಲ್ಲಿರಿಸುವುದು ಅಗತ್ಯ. ಆಸ್ಪತ್ರೆಯ ತುರ್ತಿಗಾಗಿ ದೀರ್ಘಾವಧಿಯ ಠೇವಣಿಯನ್ನು ನಡುವಿನಲ್ಲಿ ಮುರಿದರೆ ಸಾಮಾನ್ಯವಾಗಿ ಬಡ್ಡಿಯಲ್ಲಿ ಕಡಿತವಾಗುತ್ತದೆ.

ಅರ್ಧ ಅಥವಾ ಒಂದು ಅಂಶ ಹೆಚ್ಚಿನ ಬಡ್ಡಿಯ ಆಸೆಗೆ ಜೀವಮಾನದ ಉಳಿತಾಯವನ್ನು ದುರ್ಬಲ ಸಂಸ್ಥೆಗೆ ಒಪ್ಪಿಸುವುದು ಅಪಾಯ. ಬ್ಯಾಂಕು ಮುಳುಗಿದರೆ ಠೇವಣಿ ವಿಮೆಯಿಂದ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಸೇರಿ, ಗರಿಷ್ಠ 5 ಲಕ್ಷ ರೂಪಾಯಿ ದೊರೆಯುವಂತೆ 2020ರ ಫೆಬ್ರವರಿ 4ರಂದು ಮಿತಿಯನ್ನು ಏರಿಸಲಾಯಿತು. ವಿಮೆಯ ವ್ಯಾಪ್ತಿಗೆ ಮೀರಿದ ಹಣವನ್ನು ಒಂದೇ ಕಡೆ ಇಡುವ ಮೊದಲು ಆ ಬ್ಯಾಂಕಿನ ಭದ್ರತೆಯನ್ನು ವಿಚಾರಿಸಬೇಕು.

ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿಯೋ ಅಮೆರಿಕದಲ್ಲಿಯೋ ಇದ್ದರೆ ಅವರ ಠೇವಣಿಯ ಬಗೆಯನ್ನು ತಿಳಿದಿರಬೇಕು. ಅನಿವಾಸಿಗಳ ರೂಪಾಯಿ ಠೇವಣಿಯಲ್ಲಿ ಬಡ್ಡಿ ಹೆಚ್ಚು ಕಂಡರೂ ರೂಪಾಯಿ ಇಳಿದರೆ ನಷ್ಟ ಠೇವಣಿದಾರರದು. ವಿದೇಶೀ ನಾಣ್ಯದ ಠೇವಣಿಯಲ್ಲಿ ಬಡ್ಡಿ ಕಡಿಮೆಯಾದರೂ ಇಟ್ಟ ನಾಣ್ಯದಲ್ಲಿಯೇ ಮರಳಿ ದೊರೆಯುವುದು. ಮುಂದೆ ಭಾರತದಲ್ಲಿಯೇ ನೆಲಸಿ ಖರ್ಚು ಮಾಡುವವರಿಗೆ ಮೊದಲನೆಯದು, ಹೊರದೇಶದಲ್ಲಿ ಖರ್ಚಿರುವವರಿಗೆ ಎರಡನೆಯದು ಸಾಮಾನ್ಯವಾಗಿ ಹೊಂದುತ್ತದೆ.

ಇನ್ನು, ಡಾಲರ್, ಯೂರೋಗಳ ಏರಿಳಿತದಲ್ಲಿ ದಿಢೀರನೆ ಹಣ ಗಳಿಸಬಹುದೆಂದು ಮೊಬೈಲಿನಲ್ಲಿ ಆಹ್ವಾನಿಸುವವರಿಂದ ದೂರವಿರುವುದೇ ಕ್ಷೇಮ. ಇಂತಹ ಅನಧಿಕೃತ ವೇದಿಕೆಗಳ ಎಚ್ಚರಿಕೆಯ ಪಟ್ಟಿಯನ್ನು ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರ್‌ನಲ್ಲಿ ಮೊದಲು ಪ್ರಕಟಿಸಿತು; ಅಲ್ಲಿ ವ್ಯವಹರಿಸಿದವರು ಹಣ ಕಳೆದುಕೊಳ್ಳುವುದಲ್ಲದೆ ವಿದೇಶೀ ವಿನಿಮಯ ಕಾನೂನಿನ ಕ್ರಮಕ್ಕೂ ಗುರಿಯಾಗಬಹುದು. ದೊಡ್ಡ ಸಂಸ್ಥೆಗಳೇ ಎಡವುವ ಕಣದಲ್ಲಿ ಪಿಂಚಣಿಯ ಹಣಕ್ಕೆ ಸ್ಥಳವಿಲ್ಲ.

ವರ್ಷಕ್ಕೊಮ್ಮೆ ಮೈಯ ತಪಾಸಣೆ ಮಾಡಿಸಿಕೊಳ್ಳಬೇಕೆಂದು ವೈದ್ಯರು ಹೇಳುತ್ತಾರೆ. ಉಳಿತಾಯಕ್ಕೂ ಅಂತಹ ತಪಾಸಣೆ ಬೇಕು. ಬಂದ ಬಡ್ಡಿಯೆಷ್ಟು, ತೆತ್ತ ತೆರಿಗೆಯೆಷ್ಟು, ಅದೇ ಸಾಮಾನಿಗೆ ಹಿಂದಿನ ವರ್ಷಕ್ಕಿಂತ ಹೆಚ್ಚು ಕೊಟ್ಟುದೆಷ್ಟು ಎಂಬ ಮೂರು ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದರೆ ಸಾಕು. ಬಡ್ಡಿಯಲ್ಲಿ ಎಷ್ಟನ್ನು ಖರ್ಚು ಮಾಡಬಹುದು, ಎಷ್ಟನ್ನು ಮೂಲಧನಕ್ಕೆ ಮರಳಿ ಸೇರಿಸಬೇಕು ಎಂಬುದು ಆ ಹಾಳೆಯಿಂದಲೇ ತಿಳಿಯುವುದು.